ಅಪ್ಪನಿಗೆ 80 ಪರ್ಸೆಂಟ್ ಬ್ಲಾಕ್, ಸ್ಟೆಂಟ್ ಈಗಲೇ ಹಾಕಿಸಬೇಕಾ?

ಕರಿಮೆಣಸು (ವಿರಾಜಪೇಟೆ):
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ತೋಟದ ಏರು ಹತ್ತುವಾಗ ಎದೆ ಬಿಗಿಯುತ್ತದೆ, ಸ್ವಲ್ಪ ನಿಂತರೆ ಸರಿಹೋಗುತ್ತದೆ. ಮಳೆಗಾಲಕ್ಕೂ ಮುಂಚಿನಿಂದ ಹೀಗೇ ಇದೆ, ಜಾಸ್ತಿ ಆಗಿಲ್ಲ. ಮೈಸೂರಿನಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಹೃದಯದ ಒಂದು ರಕ್ತನಾಳದಲ್ಲಿ 80 ಪರ್ಸೆಂಟ್ ಬ್ಲಾಕ್, ಇನ್ನೊಂದರಲ್ಲಿ 60. ಎಡಗಡೆಯ ಮುಖ್ಯ ನಾಳ ಚೆನ್ನಾಗಿದೆ, ಪಂಪಿಂಗೂ ಸರಿಯಾಗಿದೆಯಂತೆ. ಅವಸರವಿಲ್ಲ, ಮಾತ್ರೆ ಶುರು ಮಾಡೋಣ, ನೋವು ಕಡಿಮೆಯಾಗದಿದ್ದರೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕೋಣ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ನೆಂಟರೆಲ್ಲ ಬೈಯುತ್ತಿದ್ದಾರೆ. 80 ಪರ್ಸೆಂಟ್ ಇಟ್ಟುಕೊಂಡು ಯಾರಾದರೂ ಸುಮ್ನೆ ಕೂರುತ್ತಾರಾ, ರಾತ್ರಿ ಏನಾದರೂ ಆದರೆ ಮೈಸೂರು ನೂರು ಕಿಲೋಮೀಟರಿಗೂ ದೂರ, ಈಗಲೇ ಹಾಕಿಸಿಬಿಡಿ ಅಂತ. ದೊಡ್ಡಪ್ಪ ಬೇರೆ ಕಾಚಂಪುಳಿ (ನಮ್ಮ ಕೊಡಗಿನ ಹುಳಿ ಹಣ್ಣಿನ ಗಟ್ಟಿ ರಸ), ಬೆಳ್ಳುಳ್ಳಿ, ಶುಂಠಿ ಕಷಾಯ ಕುಡಿಸಿದರೆ ಬ್ಲಾಕ್ ಕರಗುತ್ತದೆ ಎನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪದವನು:
ಹಾಕಿಸಿಬಿಡಿ ಅಕ್ಕ. ನನ್ನ ಮಾವನಿಗೆ ಹಾರ್ಟ್ ಅಟ್ಯಾಕ್ ಆದ ದಿನವೇ ಸ್ಟೆಂಟ್ ಹಾಕಿದರು, ಅದರಿಂದಲೇ ಉಳಿದುಕೊಂಡರು. ಈಗ ಕಾಫಿ ಕೊಯ್ಲಿನ ಹೊತ್ತಿಗೆ ತೋಟಕ್ಕೆ ಹೋಗುತ್ತಾರೆ.

ಮಂಜಿನ ಮಡಿಕೇರಿ:
ಅಣ್ಣ, ನಿಮ್ಮ ಮಾವನಿಗೆ ಆಗಿದ್ದೇ ಬೇರೆ. ದೊಡ್ಡ ಅಟ್ಯಾಕ್ ಆದಾಗ ಸಾಮಾನ್ಯವಾಗಿ ನಾಳ ಪೂರ್ತಿ ಮುಚ್ಚಿಹೋಗಿರುತ್ತದೆ, ಸ್ನಾಯು ಸಾಯುತ್ತಿರುತ್ತದೆ. ಆಗ ಎಷ್ಟು ಬೇಗ ತೆರೆದರೆ ಅಷ್ಟು ಜೀವ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರ ಅಪ್ಪನದು ನಡೆದರೆ ಬರುವ, ನಿಂತರೆ ಹೋಗುವ ನೋವು.

ಇಂಥವರ ಮೇಲೆಯೇ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನ ನಡೆಯಿತು, 2020ರಲ್ಲಿ ಪ್ರಕಟವಾಯಿತು. 5,179 ರೋಗಿಗಳು, ನಮ್ಮ ದೇಶದವರೂ ಇದ್ದರು. ಅರ್ಧ ಜನರಿಗೆ ಮಾತ್ರೆಯ ಜೊತೆ ಮೊದಲೇ ಸ್ಟೆಂಟ್ ಇಲ್ಲವೇ ಬೈಪಾಸ್, ಉಳಿದವರಿಗೆ ಮಾತ್ರೆ, ನೋವು ತಡೆಯದಿದ್ದರೆ ಮಾತ್ರ ಸ್ಟೆಂಟ್. ಮೂರು ವರ್ಷ ದಾಟಿದ ಮೇಲೂ ಸಾವಿನ ಲೆಕ್ಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದವರನ್ನು, ಪಂಪಿಂಗ್ ತೀರಾ ಕಡಿಮೆ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ನಿಮ್ಮ ಅಪ್ಪನಿಗೆ ಅವೆರಡೂ ಇಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಡಾಕ್ಟರು ಅವಸರವಿಲ್ಲ ಎಂದಿರಬೇಕು.

ಯಾಕೆ ಹೀಗೆ ಅಂದರೆ, ಇದು ಸ್ಪ್ರಿಂಕ್ಲರ್ ಪೈಪಿನಲ್ಲಿ ಕೆಸರು ಕಟ್ಟಿದಂತೆ ಅಲ್ಲ. ಹೆಚ್ಚಾಗಿ ನಾಳದ ಗೋಡೆಯಲ್ಲಿರುವ ಕೊಬ್ಬಿನ ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಅಟ್ಯಾಕ್ ಆಗುತ್ತದೆ, ಎಷ್ಟೋ ಸಲ ಒಡೆಯುವುದು 40, 50 ಪರ್ಸೆಂಟಿನ ಸಣ್ಣ ಗಡ್ಡೆ. ಸ್ಟೆಂಟ್ ಒಂದೇ ಜಾಗ ಸರಿಮಾಡುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಎಲ್ಲ ನಾಳಗಳಲ್ಲೂ ಕೆಲಸ ಮಾಡುತ್ತದೆ. ಹಾಗಾಗಿ ಮೈಸೂರು ದೂರ, ಅಟ್ಯಾಕ್ ತಪ್ಪಲಿ ಅಂತ ಈಗಲೇ ಸ್ಟೆಂಟ್ ಹಾಕಿಸುವುದರಲ್ಲಿ ಅರ್ಥವಿಲ್ಲ.

ಹಾಗಂತ ಸ್ಟೆಂಟ್ ದಂಡ ಅಂತಲ್ಲ. 2023ರ ಆರ್ಬಿಟಾ-2 ಅಧ್ಯಯನದಲ್ಲಿ ಕೆಲವರಿಗೆ ನಿಜವಾಗಿ ಸ್ಟೆಂಟ್ ಹಾಕಿದರು, ಕೆಲವರಿಗೆ ಹಾಕಿದಂತೆ ಮಾಡಿದರು, ಯಾರಿಗೆ ಯಾವುದು ಅಂತ ರೋಗಿಗೇ ಗೊತ್ತಿರಲಿಲ್ಲ. ನಿಜವಾಗಿ ಹಾಕಿಸಿಕೊಂಡವರಿಗೆ ನೋವು ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡೂ ಅಪ್ಪನಿಗೆ ಏರು ಹತ್ತಲು ಆಗದಿದ್ದರೆ ಆಗ ಧೈರ್ಯವಾಗಿ ಹಾಕಿಸಿ.

ನರ್ಸ್ (ಸೋಮವಾರಪೇಟೆ):
ದೂರದ ಭಯಕ್ಕೆ ಬೇರೆ ತಯಾರಿ ಬೇಕು. ಕುಳಿತಾಗಲೂ ನೋವು ಬಂದರೆ, ಮೊದಲಿಗಿಂತ ಕಡಿಮೆ ನಡಿಗೆಗೇ ಬಂದರೆ, ಬೆವರು, ವಾಂತಿ, ಉಸಿರಾಟದ ಕಷ್ಟ ಜೊತೆಗಿದ್ದರೆ ಗ್ಯಾಸ್ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನೇರ ಮೈಸೂರಿಗೆ ಓಡಿಸುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಇಸಿಜಿ ನೋಡಿ ಬೇಕಾದವರಿಗೆ ಮಾತ್ರ. ಅದನ್ನು ಕೊಟ್ಟ ಮೇಲೂ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ವಿರಾಜಪೇಟೆ ಆಸ್ಪತ್ರೆಯಲ್ಲಿ ಇದೆಯಾ ಅಂತ ಈ ವಾರವೇ ಹೋಗಿ ಕೇಳಿಬನ್ನಿ. ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಕುಳಿತುಕೊಂಡೇ ಇಟ್ಟುಕೊಳ್ಳಲಿ, ಬಿಪಿ ಇಳಿಯುತ್ತದೆ. ಅಪ್ಪ ಬೀಡಿ ಸೇದುತ್ತಾರಾ?

ಕರಿಮೆಣಸು (ವಿರಾಜಪೇಟೆ):
ಸೇದುತ್ತಾರೆ ಅಕ್ಕ, ಕಡಿಮೆ ಮಾಡಿದ್ದಾರೆ. ಕಾಚಂಪುಳಿ ಕೊಡಬಹುದಾ?

ನರ್ಸ್ (ಸೋಮವಾರಪೇಟೆ):
ಬೀಡಿ ಪೂರ್ತಿ ಬಿಡಿಸಿ, ಕಡಿಮೆ ಮಾಡಿದರೆ ಸಾಲದು. ಅಡುಗೆಗೆ ಹಾಕುವಷ್ಟು ಕಾಚಂಪುಳಿ ತೊಂದರೆಯಿಲ್ಲ. ಬ್ಲಾಕ್ ಕರಗಿಸುತ್ತದೆ ಅಂತ ಯಾವ ಅಧ್ಯಯನವೂ ತೋರಿಸಿಲ್ಲ. ಅದೇ ಹಣ್ಣಿನ ಸಾರದ ತೂಕ ಇಳಿಸುವ ಮಾತ್ರೆಗಳಿಂದ ಕೆಲವರಿಗೆ ಲಿವರ್ ಕೆಟ್ಟಿದೆ, ಹಾಗಾಗಿ ದಿನಾ ಲೋಟಗಟ್ಟಲೆ ಕುಡಿಸಬೇಡಿ. ಕಷಾಯ ಇದೆ ಅಂತ ಸ್ಟಾಟಿನ್, ಆಸ್ಪಿರಿನ್ ನಿಲ್ಲಿಸುವುದಂತೂ ಬೇಡವೇ ಬೇಡ. ದೊಡ್ಡಪ್ಪನಿಗೆ ಹೇಳಲು ಕಷ್ಟವಾದರೆ ಮುಂದಿನ ಚೆಕಪ್‌ಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.