ಓಡಿದ ಐದೇ ನಿಮಿಷಕ್ಕೆ ಏದುಸಿರು: ದಮ್ಮು ಹೆಚ್ಚಿಸುವುದು ಹೇಗೆ?

ಪ್ರಶ್ನೆ: ವಯಸ್ಸು 42, ಬಿಪಿ-ಶುಗರ್ ಇಲ್ಲ. ಅರ್ಧ ಗಂಟೆ ಆರಾಮಾಗಿ ನಡೆಯುತ್ತೇನೆ, ಓಡಿದರೆ ಐದೇ ನಿಮಿಷಕ್ಕೆ ಏದುಸಿರು. ಚಾಮುಂಡಿ ಬೆಟ್ಟದ ಮೆಟ್ಟಿಲು ನಿಲ್ಲದೆ ಹತ್ತಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಹೊಸಬರಲ್ಲಿ ಬಹುಪಾಲು ತೊಂದರೆ ವೇಗದ್ದೇ ಸರ್. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ. ಓಡುತ್ತಲೇ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ, ನಾಚಿಕೆ ಬೇಡ. ಈ ನಿಧಾನದ ಓಟದಿಂದಲೇ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚುತ್ತದೆ, ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗಗಳು) ಹೆಚ್ಚುತ್ತವೆ.

ಉತ್ತರ 2: ಅರ್ಧ ಗಂಟೆ ನಿಲ್ಲದೆ ಓಡುವಂತಾದ ಮೇಲೆ ವಾರಕ್ಕೊಮ್ಮೆ 4×4 ಸೇರಿಸಿ. ಹತ್ತು ನಿಮಿಷ ವಾರ್ಮ್‌ಅಪ್. ಆಮೇಲೆ ಏರು ರಸ್ತೆಯಲ್ಲಿ 4 ನಿಮಿಷ ಜೋರು, 3 ನಿಮಿಷ ನಿಧಾನ, ನಾಲ್ಕು ಸುತ್ತು. 208ರಿಂದ ವಯಸ್ಸಿನ 0.7 ಪಟ್ಟು ಕಳೆದರೆ ಹೃದಯದ ಗರಿಷ್ಠ ಬಡಿತದ ಅಂದಾಜು: ನಿಮಗೆ ನಿಮಿಷಕ್ಕೆ ಸುಮಾರು 179. ಜೋರು ಸುತ್ತಿನಲ್ಲಿ ಅದರ ಶೇ. 85-95, ಅಂದರೆ 152-170. ಬಡಿತ ಏರಲು ಒಂದೆರಡು ನಿಮಿಷ ಬೇಕು. ವಾಚ್‌ನಲ್ಲಿ ಬಡಿತ ಇನ್ನೂ ಏರಿಲ್ಲವೆಂದು ಶುರುವಿನಲ್ಲೇ ನುಗ್ಗಿದರೆ ಮೂರನೇ ಸುತ್ತಿಗೆ ಕಾಲು ಸೋಲುತ್ತದೆ.

ಉತ್ತರ 3: ವಾಚ್ ಪಟ್ಟಿ ಸಡಿಲವಿದ್ದರೆ ಅದು ಹೆಜ್ಜೆಯ ಲಯವನ್ನೇ ಬಡಿತವೆಂದು ತೋರಿಸುವುದುಂಟು. ಮಣಿಗಂಟಿಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ಇನ್ನೂ ನಿಖರ. ಬೀಟಾ ಬ್ಲಾಕರ್ (ಹೃದಯ ಬಡಿತ ಇಳಿಸುವ) ಮಾತ್ರೆ ತೆಗೆದುಕೊಳ್ಳುವವರಿಗೆ ಮೇಲಿನ ಗರಿಷ್ಠ ಬಡಿತದ ಲೆಕ್ಕ ಹೊಂದುವುದಿಲ್ಲ. ಶ್ರಮಪಟ್ಟಾಗ ಎದೆ ಬಿಗಿತ ಅಥವಾ ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ತೋರಿಸದೆ ಮತ್ತೆ ಓಡಬೇಡಿ.