ಅಪ್‌ಡೇಟ್: ಸಂಡೂರು ಕಾಡಿನ ದಾರಿಗೆ ಸೈಕಲ್‌ನಲ್ಲಿ ಹೋಗಿ ಬಂದೆ

ಬಳ್ಳಾರಿ ಕಡೆ ರೋಡ್ ಸೈಕಲ್‌ಗೆ ಮರಗಿಡ, ಏರಿಳಿತ ಇರುವ ದಾರಿ ಯಾವುದು ಅಂತ ಕೇಳಿದ್ದೆ ಅಲ್ವಾ, ನೀವು ಹೇಳಿದ ಹಾಗೆ ಭಾನುವಾರ ಸಂಡೂರಿಗೆ ಹೋಗಿದ್ದೆ. ತೋರಣಗಲ್ಲು ಕಡೆಯಿಂದ ಅದಿರು ಲಾರಿ ಜಾಸ್ತಿ. ಸಂಡೂರು ತನಕ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿದ್ದೇ ಒಳ್ಳೆಯದಾಯಿತು.

ಅಲ್ಲಿಂದ ಕುಮಾರಸ್ವಾಮಿ ಗುಡಿಗೆ ಸುಮಾರು 10 ಕಿ.ಮೀ. ಏರು ಶುರುವಾದ ಮೇಲೆ ಎರಡೂ ಕಡೆ ಕಾಡು, ತಂಪು ಗಾಳಿ, ಬಳ್ಳಾರಿ ಬಿಸಿಲಿನಲ್ಲಿ ಬೆಳೆದ ನನಗೆ ಇದೂ ನಮ್ಮ ಜಿಲ್ಲೆಯೇ ಅಂತ ನಂಬೋಕೆ ಆಗಲಿಲ್ಲ. ಒಂದು ಮಾತು: ತಿರುವುಗಳಲ್ಲಿ ಕೆಂಪು ಮಣ್ಣಿನ ಪುಡಿ ಬಿದ್ದಿರುತ್ತದೆ. ಇಳಿಯುವಾಗ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯಿರಿ, ನನ್ನ ಹಿಂದಿನ ಚಕ್ರ ಸರ್ರನೆ ಜಾರಿತು. ಏರಿಗೆ 28 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗಿಯರ್ ಹಲ್ಲುಚಕ್ರಗಳ ಗುಂಪು) ಸಾಲಲಿಲ್ಲ, ಏರು ಹಗುರವಾಗೋಕೆ 32 ಹಲ್ಲಿನದು ಹಾಕಿಸುತ್ತೇನೆ.

ವಾಪಸ್ ಬಂದು ಸಂಡೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ದಾರಿ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಮುಂದಿನ ಸಲ ನಾರಿಹಳ್ಳ ಡ್ಯಾಂ ಕಡೆಗೆ.