ಪದಚರ್ಚೆ: ನಾಯಬ್ ಸುಬೇದಾರ್‌ಗೆ ‘ಕಿರಿಯ ಅಧಿಕಾರಿ’ ಸರಿಯಾ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ನಿವೃತ್ತ ಸೈನಿಕರ ಹೆಸರಿನ ಕಲ್ಲು ನಾಳೆ ಕೆತ್ತನೆಗೆ ಹೋಗುತ್ತದೆ. ಒಬ್ಬರು ಭೂಸೇನೆಯ ನಾಯಬ್ ಸುಬೇದಾರ್, ಇನ್ನೊಬ್ಬರು ಅಲ್ಲೇ ಕ್ಯಾಪ್ಟನ್, ಮತ್ತೊಬ್ಬರು ನೌಕಾಪಡೆಯ ಕ್ಯಾಪ್ಟನ್. ಮೂವರಿಗೂ ‘ಕಿರಿಯ ಸೇನಾಧಿಕಾರಿ’ ಅಂದರೆ ಆಗುತ್ತಾ? ಬೇರೆ ಒಳ್ಳೆಯ ಪದ ಇದ್ದರೆ ದಯವಿಟ್ಟು ಇವತ್ತೇ ತಿಳಿಸಿ.

> ‘ಪಡೆವಳ’ ಅನ್ನಿ. ಶಾಸನಗಳಲ್ಲೇ ಇದೆ, ಅಚ್ಚಗನ್ನಡ. ನಾಯಬ್‌ಗೆ ‘ಕಿರುಪಡೆವಳ’. ಕಲ್ಲಿನ ಮೇಲೆ ಪಾರಸಿ ಪದ ಯಾಕೆ?

ಎರಡೂ ಬೇಡ.

ಪಡೆವಳ ಅಂದರೆ ಇಡೀ ಪಡೆಯ ಒಡೆಯ. ನಾಯಬ್ ಸುಬೇದಾರ್ ನೋಡಿಕೊಳ್ಳುವುದು ಒಂದು ಪ್ಲಟೂನ್, ಸುಮಾರು 30 ಜವಾನರು. ‘ಕಿರು’ ಸೇರಿಸಿದರೆ ಅರ್ಥ ಸರಿಹೋಗುವುದಿಲ್ಲ, ಮರ್ಯಾದೆ ಕಡಿಮೆಯಾಗುತ್ತದೆ ಅಷ್ಟೆ.

‘ಕಿರಿಯ’ ಇನ್ನೂ ಕೆಟ್ಟದ್ದು. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಇವರನ್ನು ಸೇನೆಯಲ್ಲಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎನ್ನುತ್ತಾರೆ. ಹೆಚ್ಚಿನವರು ಸಿಪಾಯಿಯಾಗಿ ಸೇರಿ, ಎಷ್ಟೋ ವರ್ಷ ದುಡಿದು ಅಲ್ಲಿಗೆ ಬಂದವರು. ಅಕಾಡೆಮಿಯಿಂದ ಆಗಷ್ಟೇ ಬಂದ ಲೆಫ್ಟಿನೆಂಟ್ ಹುದ್ದೆಯಲ್ಲಿ ಇವರಿಗಿಂತ ಮೇಲೆ. ಆದರೂ ಅವನು ಇವರನ್ನು ‘ಸಾಹೇಬ್’ ಅಂತಲೇ ಕರೆಯುತ್ತಾನೆ. ಅಂಥವರ ಹೆಸರಿನ ಜೊತೆ ಕಿರಿಯ ಅಂತ ಕೆತ್ತುವುದಾ?

ಕ್ಯಾಪ್ಟನ್ ವಿಷಯದಲ್ಲಿ ಹುಷಾರು. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಭೂಸೇನೆಯ ಕ್ಯಾಪ್ಟನ್‌ಗೆ ಸಮನಾದವರು ಅಲ್ಲಿ ಲೆಫ್ಟಿನೆಂಟ್, ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್. ಹಾಗಾಗಿ ಹುದ್ದೆಯ ಜೊತೆ ಪಡೆಯ ಹೆಸರು ಇರಲೇಬೇಕು.

ಇನ್ನು ಪಾರಸಿ ತಕರಾರು. ಕೊಡಗಿನಲ್ಲಿ ಹಿಂದೆ ತಾಲ್ಲೂಕಿನ ಅಧಿಕಾರಿಯನ್ನೇ ಸುಬೇದಾರ್ ಎನ್ನುತ್ತಿದ್ದರು. ದಫೇದಾರ್ ಅಂದರೆ ನಮಗೆ ಡಿಸಿ ಕಚೇರಿಯ ರುಮಾಲಿನವರು ನೆನಪಾಗುತ್ತಾರೆ. ಅಶ್ವದಳದಿಂದ ಬೆಳೆದ ರೆಜಿಮೆಂಟುಗಳಲ್ಲಿ ಅದು ಹವಾಲ್ದಾರ್‌ಗೆ ಸಮನಾದ ಹುದ್ದೆ. ಜಮಾದಾರ್ ಹೆಸರನ್ನು ಸೇನೆ 1965ರಲ್ಲಿ ಬಿಟ್ಟು ನಾಯಬ್ ಸುಬೇದಾರ್ ಅಂತ ಮಾಡಿತು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಜಮೇದಾರ್ ಉಳಿದುಕೊಂಡಿತು. ತಲೆಮಾರುಗಳಿಂದ ಕನ್ನಡಿಗರ ಬಾಯಲ್ಲಿರುವ ಪದಗಳು ಇವು. ಅರ್ಜಿ, ದಫ್ತರ, ತಹಸೀಲ್ದಾರ್ ಬೇಕು, ಸುಬೇದಾರ್ ಬೇಡ ಅನ್ನುವುದು ಯಾವ ನ್ಯಾಯ?

ಕಲ್ಲಿನ ಮೇಲೆ ‘ನಾಯಬ್ ಸುಬೇದಾರ್ (ನಿವೃತ್ತ), ಭೂಸೇನೆ’ ಅಂತ ಬರೆಸಿ. ಉಳಿದಿಬ್ಬರಿಗೂ ಅದೇ ಕ್ರಮ. ಕೆತ್ತುವ ಮೊದಲು ಒಂದು ಕೇಳಿಕೊಳ್ಳಿ: ನಿಮ್ಮೂರಿನ ಭೂಸೇನೆಯ ಕ್ಯಾಪ್ಟನ್ ಜೆಸಿಒ ಆಗಿದ್ದು ಕೊನೆಗೆ ಗೌರವ ಹುದ್ದೆ ಪಡೆದವರಾ? ಹಾಗಿದ್ದರೆ ‘ಗೌರವ ಕ್ಯಾಪ್ಟನ್’ ಅಂತಲೇ ಹಾಕಿಸಿ.